ಐದಡಿ ಒಂದಿಂಚು ಎತ್ತರ, ನಾಲ್ಕೂವರೆ ಕೆಜಿ ಗಿಟಾರ್: ನನಗೆ ಯಾವ ಬಾಡಿ ಶೇಪ್ ಸರಿ?

ಸಣ್ಣಕೈ

ಎಲ್ಲರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಹಾಸನದ ಕಡೆ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ನಮಗೆ ಸೀಸನ್. ವಾರಕ್ಕೆ ಮೂರು ನಾಲ್ಕು ರಸಮಂಜರಿ. ರಾತ್ರಿ ಎಂಟಕ್ಕೆ ಅಂತ ಕರೆಯುತ್ತಾರೆ, ಭಾಷಣ ಸನ್ಮಾನ ಎಲ್ಲ ಮುಗಿದು ಒಂಬತ್ತೂವರೆಗೆ ಶುರುವಾಗುತ್ತದೆ, ಮುಗಿಯುವಾಗ ಒಂದು ಗಂಟೆ. ಅಷ್ಟೂ ಹೊತ್ತು ನಿಂತೇ ನುಡಿಸಬೇಕು.

ನನ್ನ ಹತ್ತಿರ ಇರುವುದು ಲೆಸ್ ಪಾಲ್ (ಗಿಬ್ಸನ್ ಕಂಪನಿಯ ದಪ್ಪ ಬಾಡಿಯ ಎಲೆಕ್ಟ್ರಿಕ್ ಗಿಟಾರ್) ಶೇಪಿನ ಒಂದು ಕಾಪಿ. ಸೆಕೆಂಡ್ ಹ್ಯಾಂಡ್. ಸೌಂಡ್ ಬಗ್ಗೆ ದೂರಿಲ್ಲ. ಆದರೆ ಈ ಸಲ ಸೀಸನ್ ಮುಗಿಯುವ ಹೊತ್ತಿಗೆ ಎಡ ಭುಜದಿಂದ ಕತ್ತಿನವರೆಗೆ ನೋವು ಹಿಡಿದುಕೊಂಡಿತು. ಸುಮ್ನೆ ಕುತೂಹಲಕ್ಕೆ ನಮ್ಮ ಮನೆ ಕೆಳಗಿನ ದಿನಸಿ ಅಂಗಡಿಯ ತಕ್ಕಡಿ ಮೇಲೆ ಗಿಟಾರ್ ಇಟ್ಟು ನೋಡಿದೆ. 4 ಕೆಜಿ 450 ಗ್ರಾಂ! ಅಂಗಡಿ ಅಣ್ಣ "ಒಂದು ಸಣ್ಣ ಕುಂಬಳಕಾಯಿ ಕತ್ತಿಗೆ ಕಟ್ಟಿಕೊಂಡು ಓಡಾಡ್ತೀಯಲ್ಲಮ್ಮ" ಅಂತ ನಕ್ಕರು.

ನನ್ನ ಎತ್ತರ ಐದಡಿ ಒಂದಿಂಚು. ಕೈ ಸಣ್ಣದು. ಹಾಗಾಗಿ ಚಿಕ್ಕ ಬಾಡಿಯ ಗಿಟಾರ್ ತಗೊಳ್ಳೋಣ ಅಂತಿದ್ದೇನೆ. ತೆಳ್ಳಗೆ, ಹಗುರವಾಗಿದೆ ಅಂತ ಗಿಬ್ಸನ್‌ನವರದೇ ಎಸ್‌ಜಿ ಶೇಪ್ ಮೇಲೆ ಕಣ್ಣಿದೆ. ಬಜೆಟ್ ನಲವತ್ತು ಸಾವಿರದೊಳಗೆ. ಸರಿ ಹೋಗುತ್ತಾ? ಮಕ್ಕಳ ಮಿನಿ ಗಿಟಾರ್ ಬಗ್ಗೆಯೂ ಒಬ್ಬರು ಹೇಳಿದರು. ಅನುಭವ ಇರುವವರು ತಿಳಿಸಿ.

ಮಂಡ್ಯ ಮೆಟಲ್

ಎಕ್ಸ್‌ಪ್ಲೋರರ್ ತಗೊಳ್ಳಿ ಅಕ್ಕ, ಆ ಚೂಪು ಮೂಲೆಗಳ ದೊಡ್ಡ ಶೇಪ್. ಭುಜ ನೋಯುತ್ತೆ, ಸೊಂಟ ನೋಯುತ್ತೆ, ಆದರೆ ಫೋಟೋ ಸೂಪರ್ ಬರುತ್ತೆ.

ಬೆಸುಗೆ ಕಡ್ಡಿ

ತಮಾಷೆ ಬದಿಗಿರಲಿ. ನಾನು ಗಿಟಾರ್ ರಿಪೇರಿ ಮಾಡುವವನು. ವಾರಕ್ಕೆ ಒಬ್ಬರಾದರೂ ಇದೇ ಪ್ರಶ್ನೆ ಹಿಡಿದು ಬರುತ್ತಾರೆ. ಎಲ್ಲರೂ ಬಾಡಿ ಎಷ್ಟು ದೊಡ್ಡದು ಅಂತ ನೋಡುತ್ತಾರೆ. ನಾನು ಮೊದಲು ನೋಡುವುದು ಸ್ಟ್ರಾಪ್ ಸಿಕ್ಕಿಸುವ ಗುಂಡಿ ಎಲ್ಲಿದೆ ಅಂತ.

ಯಾಕೆ ಹೇಳ್ತೀನಿ. ನಿಮ್ಮ ಗಿಟಾರ್ ಎರಡು ಗುಂಡಿಗಳಿಂದ ನೇತಾಡುತ್ತಿರುತ್ತದೆ. ಒಂದು ಹಿಂಬದಿ ತುದಿಯಲ್ಲಿ, ಇನ್ನೊಂದು ನೆಕ್ (ಎಡಗೈ ಹಿಡಿಯುವ ಉದ್ದ ಭಾಗ) ಕಡೆ. ಗಿಟಾರಿನ ತೂಕದ ನಡುಬಿಂದು ಈ ಎರಡರ ಮಧ್ಯೆ ಬಿದ್ದರೆ ಅದು ತಣ್ಣಗೆ ಕೂತಿರುತ್ತದೆ. ಮುಂದಿನ ಗುಂಡಿಯನ್ನು ದಾಟಿ ಆಚೆ ಹೋಯಿತೋ, ನೆಕ್ ನೆಲದ ಕಡೆ ಬಾಗುತ್ತದೆ. ಇದಕ್ಕೆ ನೆಕ್ ಡೈವ್ ಅಂತಾರೆ. ಬಾಡಿ ಹಗುರ ಮಾಡಿದಷ್ಟೂ ನೆಕ್ ಕಡೆ ತೂಕ ಜಾಸ್ತಿ ಆಗುತ್ತದಲ್ಲ, ಹಾಗಾಗಿ ಹಗುರ ಬಾಡಿಯಲ್ಲೇ ಈ ಕಾಟ ಹೆಚ್ಚು.

ಈಗ ನಿಮ್ಮ ಎಸ್‌ಜಿ ತಗೊಳ್ಳಿ. ಬಾಡಿ ದಪ್ಪ ಸುಮಾರು 35 ಮಿಮೀ. ಫೆಂಡರ್ ಕಂಪನಿಯ ಸ್ಟ್ರಾಟ್ (ಸ್ಟ್ರಾಟೋಕಾಸ್ಟರ್) 45ರ ಹತ್ತಿರ. ಲೆಸ್ ಪಾಲ್ ಅಂಚಿನಲ್ಲೇ 50, ಉಬ್ಬಿರುವ ನಡುಭಾಗದಲ್ಲಿ ಇನ್ನೂ ಜಾಸ್ತಿ. ಎಸ್‌ಜಿ ತೂಕ ಮೂರು ಕೆಜಿ ಆಸುಪಾಸು. ಇಲ್ಲಿಯವರೆಗೆ ಎಲ್ಲ ಚೆನ್ನಾಗಿದೆ. ಆದರೆ ಅದರ ನೆಕ್ ಬಹುತೇಕ ಪೂರ್ತಿಯಾಗಿ ಬಾಡಿಯಿಂದ ಹೊರಗೆ ಚಾಚಿಕೊಂಡಿದೆ. ಲೆಸ್ ಪಾಲ್‌ನಲ್ಲಿ ನೆಕ್ ಬಾಡಿಗೆ ಸೇರುವುದು 16ನೇ ಫ್ರೆಟ್ (ನೆಕ್ ತುದಿಯಿಂದ ಎಣಿಸುವ ಅಡ್ಡ ಲೋಹದ ಪಟ್ಟಿ) ಹತ್ತಿರ. ಎಸ್‌ಜಿಯಲ್ಲಿ ಅದು ಕೊನೆಯ ಫ್ರೆಟ್‌ಗಳವರೆಗೂ ಸರಿದಿದೆ. ಸ್ಟ್ರಾಪ್ ಗುಂಡಿಯೂ ಅಲ್ಲೇ, ನೆಕ್ ಬುಡದ ಹಿಂದೆ. ಅಂದರೆ ಇಡೀ ಗಿಟಾರ್ ನಿಮ್ಮ ಎಡಕ್ಕೆ ಸರಿದು ನಿಲ್ಲುತ್ತದೆ. ಒಂದನೇ ಫ್ರೆಟ್ ಹಿಡಿಯಲು ಕೈಯನ್ನು ಅಷ್ಟು ದೂರ ಚಾಚಬೇಕು. ಜೊತೆಗೆ ನೆಕ್ ಕೆಳಗೆ ಬೀಳದ ಹಾಗೆ ಅದೇ ಕೈಯಲ್ಲಿ ಎತ್ತಿ ಹಿಡಿದಿರಬೇಕು. ನಾಲ್ಕು ಗಂಟೆ!

ಸ್ಟ್ರಾಟ್‌ನಲ್ಲಿ ಮೇಲಿನ ಕೊಂಬು ಮುಂದಕ್ಕೆ ಚಾಚಿ, ಗುಂಡಿ ಹೆಚ್ಚುಕಮ್ಮಿ 12ನೇ ಫ್ರೆಟ್ ನೇರಕ್ಕೆ ಬರುತ್ತದೆ. ಹಾಗಾಗಿ ಗಿಟಾರ್ ಬಲಕ್ಕೆ ಸರಿಯುತ್ತದೆ, ಒಂದನೇ ಫ್ರೆಟ್ ಹತ್ತಿರ ಬರುತ್ತದೆ. ಅಳತೆಯಲ್ಲಿ ಸ್ಟ್ರಾಟ್‌ನ ತಂತಿ ಉದ್ದ, ಎಸ್‌ಜಿಯದು ಗಿಡ್ಡ. ಕುತ್ತಿಗೆಗೆ ಹಾಕಿಕೊಂಡಾಗ ಲೆಕ್ಕ ತಲೆಕೆಳಗು. ಐದಡಿಯವರಿಗೆ ಈ ವ್ಯತ್ಯಾಸ ಆರಡಿಯವರಿಗಿಂತ ಜೋರಾಗಿ ಗೊತ್ತಾಗುತ್ತದೆ.

ಅಂಗಡಿಗೆ ಹೋದಾಗ ಒಂದು ಕೆಲಸ ಮಾಡಿ. ಸ್ಟೂಲ್ ಮೇಲೆ ಕೂತು ನುಡಿಸಿ ನೋಡಿ ಬರಬೇಡಿ. ಸ್ಟ್ರಾಪ್ ಹಾಕಿಕೊಂಡು ನಿಂತು, ಎರಡೂ ಕೈ ಬಿಟ್ಟುಬಿಡಿ. ಗಿಟಾರ್ ಇದ್ದಲ್ಲೇ ಇದ್ದರೆ ಮುಂದಿನ ಮಾತು. ಇಲ್ಲದಿದ್ದರೆ ನಮಸ್ಕಾರ ಹೇಳಿ ಬನ್ನಿ.

ಸಣ್ಣಕೈ

ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ ಸರ್. ಎಸ್‌ಜಿ ಇಟ್ಟುಕೊಂಡಿರುವವರು ಯಾರಾದರೂ ಇದ್ದೀರಾ? ನಿಜವಾಗಲೂ ಅಷ್ಟು ಕಾಟ ಕೊಡುತ್ತಾ?

ಹುಬ್ಬಳ್ಳಿ ರಿಫ್

ಇದ್ದೀನ್ರಿ. ಒಂಬತ್ತು ವರ್ಷದಿಂದ ಎಸ್‌ಜಿ ಶೇಪೇ ನುಡಿಸುತ್ತಿದ್ದೇನೆ. ಕಡ್ಡಿ ಸರ್ ಹೇಳಿದ್ದು ಖರೇ ಐತಿ, ಆದ್ರ ಸ್ವಲ್ಪ ಜಾಸ್ತಿ ಹೆದರಿಸ್ಯಾರ.

ಮೊದಲ ವರ್ಷ ನೈಲಾನ್ ಸ್ಟ್ರಾಪ್ ಹಾಕಿದ್ದೆ. ಟೆರಿಕಾಟ್ ಅಂಗಿ ಮೇಲೆ ನೈಲಾನ್ ಅಂದ್ರೆ ಜಾರುಬಂಡಿ ಇದ್ದ ಹಾಗೆ. ಎಡಗೈ ಬಿಟ್ಟ ತಕ್ಷಣ ಹೆಡ್‌ಸ್ಟಾಕ್ (ತಂತಿ ಬಿಗಿಯುವ ಟ್ಯೂನರ್‌ಗಳಿರುವ ನೆಕ್ ತುದಿ) ಸೀದಾ ಮೊಣಕಾಲಿಗೆ. ಒಂದು ಸಲ ಸ್ಟೇಜ್ ಮೇಲೆ ಬೆವರು ಒರೆಸಿಕೊಳ್ಳಲು ಕೈ ಬಿಟ್ಟೆ, ಟ್ಯೂನರ್ ಹೋಗಿ ಕೀಬೋರ್ಡ್ ಸ್ಟ್ಯಾಂಡಿಗೆ ಬಡೀತು. ಕೀಬೋರ್ಡ್‌ನವರು ಇವತ್ತಿಗೂ ನನ್ನ ಎಡಕ್ಕೆ ನಿಲ್ಲುವುದಿಲ್ಲ.

ಆಮೇಲೆ ಮೂರು ಇಂಚು ಅಗಲದ ಚರ್ಮದ ಸ್ಟ್ರಾಪ್ ತಗೊಂಡೆ. ಒಳಬದಿ ಒರಟಾಗಿರಬೇಕು, ಅದೇ ಮುಖ್ಯ. ಅರ್ಧ ಸಮಸ್ಯೆ ಅಲ್ಲಿಗೇ ಹೋಯಿತು. ಉಳಿದರ್ಧಕ್ಕೆ ನೆಕ್ ಬುಡದ ಗುಂಡಿ ತೆಗೆದು ಮೇಲಿನ ಕೊಂಬಿನ ಹಿಂದೆ ಹಾಕಿಸಿದೆ. ಮರಕ್ಕೆ ಹೊಸ ತೂತು ಬೀಳುತ್ತೆ, ಮಾರುವಾಗ ರೇಟ್ ಇಳಿಯುತ್ತೆ. ನನಗೇನು, ಮಾರೋದಿಲ್ಲ.

ಒಂದು ಮಾತು ಮಾತ್ರ ಹೇಳ್ಲೇಬೇಕು. ಮೇಲಿನ ಫ್ರೆಟ್‌ಗಳಿಗೆ ಕೈ ಹೋಗುವ ಸುಖ ಎಸ್‌ಜಿಯಲ್ಲಿ ಇದ್ದಷ್ಟು ಲೆಸ್ ಪಾಲ್‌ನಲ್ಲಿ ಇಲ್ಲ. ಅಲ್ಲಿ 17ನೇ ಫ್ರೆಟ್ ದಾಟಿದರೆ ಅಂಗೈಗೆ ಮರ ಅಡ್ಡ ಬರುತ್ತದೆ. ಸೋಲೋ ನುಡಿಸುವವರಿಗೆ ಇದು ಸಣ್ಣ ವಿಷಯ ಅಲ್ಲ. ಎಸಿ/ಡಿಸಿ ಬ್ಯಾಂಡಿನ ಆಂಗಸ್ ಯಂಗ್ ಏನು ಎತ್ತರದ ಆಸಾಮಿಯೇ? ಜೀವನಪೂರ್ತಿ ಎಸ್‌ಜಿ ಹಿಡಿದು ಸ್ಟೇಜ್ ತುಂಬ ಕುಣಿದಿಲ್ಲವೇ?

ಬೆಸುಗೆ ಕಡ್ಡಿ

ಅವರು ಕುಣಿಯುತ್ತಾರೆ ರೀ. ನಮ್ಮ ಅಕ್ಕ ನಾಲ್ಕು ಗಂಟೆ ಒಂದೇ ಜಾಗದಲ್ಲಿ ನಿಂತು "ಮುಂದಿನ ಹಾಡು ಯಾವುದು" ಅಂತ ಚೀಟಿ ನೋಡಬೇಕು.

ಲೆಕ್ಕದ ಮೇಷ್ಟ್ರು

ತಂತಿಯ ಉದ್ದದ ಮಾತು ಬಂದಿದ್ದರಿಂದ ನನ್ನ ಲೆಕ್ಕ ಹಾಕುತ್ತೇನೆ. "ಚಿಕ್ಕ ಕೈಗೆ ಚಿಕ್ಕ ಗಿಟಾರ್" ಅನ್ನುವಾಗ ನಿಜವಾಗಿ ಲೆಕ್ಕಕ್ಕೆ ಬರುವುದು ಸ್ಕೇಲ್, ಅಂದರೆ ನೆಕ್ ತುದಿಯ ನಟ್‌ನಿಂದ ಬಾಡಿ ಮೇಲಿನ ಬ್ರಿಡ್ಜ್‌ವರೆಗಿನ ತಂತಿಯ ಉದ್ದ. ಬಾಡಿ ಎಷ್ಟೇ ದೊಡ್ಡದಿರಲಿ ಚಿಕ್ಕದಿರಲಿ, ಫ್ರೆಟ್‌ಗಳ ನಡುವಿನ ಅಂತರ ಇದರ ಮೇಲೇ ನಿಂತಿದೆ.

ಸ್ಟ್ರಾಟ್, ಟೆಲಿ (ಫೆಂಡರ್ ಟೆಲಿಕಾಸ್ಟರ್) 25.5 ಇಂಚು. ಪಿಆರ್‌ಎಸ್ ಸಾಮಾನ್ಯವಾಗಿ 25. ಲೆಸ್ ಪಾಲ್, ಎಸ್‌ಜಿ, ಇಎಸ್-335 ಎಲ್ಲ 24.75. ಫೆಂಡರ್ ಜಾಗ್ವಾರ್ 24. ಐಬನೇಜ್ ಮೈಕ್ರೋ 22.2.

ನಟ್‌ನಿಂದ ನಾಲ್ಕನೇ ಫ್ರೆಟ್‌ವರೆಗೆ ನಾಲ್ಕು ಬೆರಳು ಹರಡುತ್ತೇವಲ್ಲ, ಆ ದೂರ ಎಷ್ಟಾಗುತ್ತದೆ? ಸ್ಟ್ರಾಟ್‌ನಲ್ಲಿ ಸುಮಾರು 134 ಮಿಮೀ. ಲೆಸ್ ಪಾಲ್‌ನಲ್ಲಿ 130. ಜಾಗ್ವಾರ್‌ನಲ್ಲಿ 126. ಮೈಕ್ರೋದಲ್ಲಿ 116. ಅಂದರೆ ಸ್ಟ್ರಾಟ್ ಬಿಟ್ಟು ಲೆಸ್ ಪಾಲ್ ಹಿಡಿದರೆ ಉಳಿಯುವುದು ನಾಲ್ಕು ಮಿಮೀ. ಒಂದು ಅಕ್ಕಿಕಾಳಿಗಿಂತ ಕಮ್ಮಿ. ಅದಕ್ಕೋಸ್ಕರ ಭುಜದ ಮೇಲೆ ಒಂದು ಕೆಜಿ ಹೆಚ್ಚು ಹೊರುವುದು ನನ್ನ ಲೆಕ್ಕದಲ್ಲಿ ನಷ್ಟದ ವ್ಯಾಪಾರ.

ಆದರೆ ಬಿಗಿಯಲ್ಲಿ ವ್ಯತ್ಯಾಸ ಜಾಸ್ತಿ. ಒಂದೇ ತಂತಿ, ಒಂದೇ ಶ್ರುತಿ ಅಂತಿಟ್ಟುಕೊಂಡರೆ ಬಿಗಿ ಉದ್ದದ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. 25.5ರಿಂದ 24.75ಕ್ಕೆ ಬಂದರೆ ಶೇ. 6ರಷ್ಟು ಸಡಿಲ. 24ಕ್ಕೆ ಬಂದರೆ ಶೇ. 11. ಮೈಕ್ರೋಗೆ ಬಂದರೆ ಶೇ. 24! ಅಷ್ಟು ಸಡಿಲವಾದರೆ ತಂತಿ ಲೊಡಲೊಡ ಅನ್ನುತ್ತದೆ, ಸ್ವಲ್ಪ ಒತ್ತಿ ಹಿಡಿದರೂ ಶ್ರುತಿ ಮೇಲಕ್ಕೆ ಹೋಗುತ್ತದೆ. ದಪ್ಪ ತಂತಿ ಹಾಕಿ ಸರಿಮಾಡಬಹುದು. ನನ್ನ ಮಗಳಿಗೆ ಏಳು ವರ್ಷ ಇದ್ದಾಗ ಅಂಥ ಒಂದು ಮಿನಿ ಕೊಡಿಸಿದ್ದೆ, ಅವಳಿಗೆ ಸರಿಯಾಗಿತ್ತು. ಸ್ಟೇಜ್ ಮೇಲೆ ದುಡಿಯುವವರಿಗೆ ಬೇಡ.

ಮಂಡ್ಯ ಮೆಟಲ್

ಮೇಷ್ಟ್ರೇ, ಯಾವ ತಳಿ ಅಕ್ಕಿ ಅಂತ ಹೇಳ್ಲಿಲ್ಲ. ನಮ್ಮ ಕಡೆ ಸೋನಾ ಮಸೂರಿ ಸಣ್ಣದು.

ಗಮಕದ ಹುಚ್ಚ

ನನ್ನದು ಬೇರೆ ದಾರಿ, ಆದರೂ ಬರೆಯುತ್ತೇನೆ. ನಾನು ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ಆರ್. ಪ್ರಸನ್ನ ಅವರನ್ನು ಕೇಳಿ ಹಿಡಿದ ಹುಚ್ಚು. ನಾವು ಕೂರುವುದು ಚಾಪೆ ಮೇಲೆ, ಚಕ್ಕಂಬಕ್ಕಳ ಹಾಕಿ. ಗಿಟಾರ್ ಅಂಗಡಿಯವರು ಯಾರೂ ಈ ಭಂಗಿಯನ್ನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ.

ನೆಲದ ಮೇಲೆ ಕೂತಾಗ ಬಲ ತೊಡೆ ನೆಲಕ್ಕೆ ತೀರಾ ಹತ್ತಿರ ಇರುತ್ತದೆ. ಗಿಟಾರಿನ ಹಿಂಬದಿ ತುದಿ ಚಾಪೆಗೆ ತಾಗುತ್ತದೆ. ಲೆಸ್ ಪಾಲ್, ಟೆಲಿಗಳಲ್ಲಿ ಕೇಬಲ್ ಚುಚ್ಚುವ ಜಾಗ ಬಾಡಿಯ ಅಂಚಿನಲ್ಲಿದೆ. ಅದು ಸರಿಯಾಗಿ ತೊಡೆಗೂ ನೆಲಕ್ಕೂ ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ಸಲ ತೋಡಿ ಆಲಾಪನೆ ಮಧ್ಯದಲ್ಲಿ ನಾನು ಸ್ವಲ್ಪ ವಾಲಿದೆ, ಜ್ಯಾಕ್ ಬಗ್ಗಿ "ಬುರ್ರ್" ಅಂದಿತು. ಮೃದಂಗದವರು ನನ್ನ ಮುಖ ನೋಡಿದರು. ಎಲ್ ಆಕಾರದ ಪಿನ್ ಇರುವ ಕೇಬಲ್ ತಂದ ಮೇಲೆ ಸ್ವಲ್ಪ ಪರವಾಗಿಲ್ಲ. ಸ್ಟ್ರಾಟ್‌ನಲ್ಲಿ ಜ್ಯಾಕ್ ಮುಂಭಾಗದಲ್ಲೇ ಇರುವುದರಿಂದ ಈ ತಾಪತ್ರಯವೇ ಇಲ್ಲ.

ಜಾರು, ಕಂಪಿತ ಎಲ್ಲ ನುಡಿಸಲು ತಂತಿ ಎಳೆಯಬೇಕಾಗುತ್ತದೆ. ಮೇಷ್ಟ್ರು ಹೇಳಿದ ಆ ಶೇ. 6 ನಮಗೆ ದೊಡ್ಡ ವಿಷಯ. ಮೂರು ಸ್ವರ ಎಳೆಯುವಾಗ ಬೆರಳಿಗೆ ಗೊತ್ತಾಗುತ್ತದೆ. ಹಾಗಾಗಿ ನಾನು ಕೊನೆಗೆ ಸ್ಟ್ರಾಟ್ ಥರದ ಬಾಡಿ, 24.75 ಸ್ಕೇಲ್ ಇರುವ ಒಂದು ಗಿಟಾರ್‌ಗೆ ಬಂದು ನಿಂತಿದ್ದೇನೆ. ಹುಡುಕಿದರೆ ಸಿಗುತ್ತವೆ.

ವಿ ಶೇಪಿನ ಗಿಟಾರ್ ಹಿಡಿದು ಚಾಪೆ ಮೇಲೆ ಕೂರಲು ಪ್ರಯತ್ನ ಮಾಡಿದವರು ಯಾರಾದರೂ ಇದ್ದರೆ ಹೇಳಿ. ನಾನು ಮಾಡಿದ್ದೇನೆ. ಇನ್ನೊಮ್ಮೆ ಮಾಡುವುದಿಲ್ಲ.

ಹಳೇ ಕ್ಯಾಸೆಟ್

ವಿ ಮಾತು ಬಂತಲ್ಲ, ಎರಡು ಮಾತು ಸೇರಿಸುತ್ತೇನೆ. ಕುರ್ಚಿ ಮೇಲೆ ಕೂತರೆ ಫ್ಲೈಯಿಂಗ್ ವಿಗೆ ಒಂದು ಉಪಾಯ ಇದೆ. ಎರಡು ರೆಕ್ಕೆಗಳ ಮಧ್ಯದ ಸಂದಿಯಲ್ಲಿ ತೊಡೆ ಇಟ್ಟುಕೊಳ್ಳಬೇಕು. ಆಗ ಕ್ಲಾಸಿಕಲ್ ಗಿಟಾರ್ ಹಿಡಿದ ಹಾಗೆ ನೆಕ್ ಮೇಲೆದ್ದು ನಿಲ್ಲುತ್ತದೆ, ನಿಜಕ್ಕೂ ಆರಾಮ. ಗಿಬ್ಸನ್‌ನವರು 1958ರಲ್ಲಿ ಅದನ್ನು ತಂದಾಗ ಕೆಳಗಿನ ರೆಕ್ಕೆಯ ಅಂಚಿಗೆ ಒಂದು ರಬ್ಬರ್ ಪಟ್ಟಿ ಅಂಟಿಸಿದ್ದರು, ತೊಡೆ ಮೇಲಿಂದ ಜಾರದಿರಲಿ ಅಂತ. ಜಾರುತ್ತದೆ ಅಂತ ಅವರಿಗೂ ಗೊತ್ತಿತ್ತು!

ಆ ವರ್ಷ ವಿ, ಎಕ್ಸ್‌ಪ್ಲೋರರ್ ಎರಡೂ ಬಂದವು. ಕಾರಣ ಕೇಳಿದರೆ ನಗು ಬರುತ್ತದೆ. ಫೆಂಡರ್‌ನವರ ಸ್ಟ್ರಾಟ್ ಮುಂದೆ ನಮ್ಮದು ಅಜ್ಜನ ಕಾಲದ ಗಿಟಾರ್ ಅನ್ನಿಸುತ್ತಿದೆ, ರಾಕೆಟ್ ಕಾಲಕ್ಕೆ ತಕ್ಕ ಹಾಗೆ ಏನಾದರೂ ಮಾಡೋಣ ಅಂತ. ಜನ ತಗೊಳ್ಳಲಿಲ್ಲ. ಮೊದಲ ಎರಡು ವರ್ಷದಲ್ಲಿ ಹೊರಹೋದ ವಿಗಳು ನೂರಕ್ಕೂ ಕಮ್ಮಿ. ಈಗ ಅವೇ ಹಳೇ ಪೀಸುಗಳಿಗೆ ಮನೆ ಮಾರಿದರೂ ಸಾಲದು.

ಆದರೆ ನನಗೆ ಇಷ್ಟವಾಗುವ ಕಥೆ ಸ್ಟ್ರಾಟ್‌ನದು. ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಸ್ವತಃ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. 1950ರಲ್ಲಿ ಅವರು ತಂದ ಗಿಟಾರ್ (ಮಾರನೇ ವರ್ಷ ಅದರ ಹೆಸರು ಟೆಲಿಕಾಸ್ಟರ್ ಆಯಿತು) ಅಂದರೆ ಒಂದು ಹಲಗೆ. ಸಪಾಟು. ಆಕಾರಕ್ಕೆ ಕತ್ತರಿಸಿ, ಗುಳಿ ತೋಡಿ, ನೆಕ್ ತಂದು ಸ್ಕ್ರೂ ಹಾಕಿ ಬಿಗಿದರೆ ಮುಗಿಯಿತು. ಕೆಟ್ಟರೆ ರಿಪೇರಿ ಸುಲಭ. ಪಕ್ಕಾ ಮೆಕ್ಯಾನಿಕ್ ಬುದ್ಧಿ. ಆದರೆ ನುಡಿಸುವವರು ಬಂದು ಗೊಣಗಲು ಶುರುಮಾಡಿದರು. ಅಂಚು ಪಕ್ಕೆಲುಬಿಗೆ ಒತ್ತುತ್ತದೆ, ಮುಂಗೈಗೆ ಒತ್ತುತ್ತದೆ ಅಂತ. ಲಿಯೋ ಕೇಳಿಸಿಕೊಂಡರು. 1954ರಲ್ಲಿ ಸ್ಟ್ರಾಟ್ ಬಂದಾಗ ಹಿಂಬದಿ ಹೊಟ್ಟೆ ಕೂರುವಲ್ಲಿ ಮರ ತೆಗೆದಿದ್ದರು, ಮುಂದೆ ಮುಂಗೈ ಬೀಳುವಲ್ಲಿ ಇಳಿಜಾರು ಮಾಡಿದ್ದರು.

ನನ್ನ ಹತ್ತಿರ ಎರಡೂ ಶೇಪ್ ಇವೆ. ಟೆಲಿ ಹಿಡಿದು ಎರಡು ಗಂಟೆ ಕೂತರೆ ಬಲ ಮುಂಗೈ ಮೇಲೆ ಸ್ಕೇಲ್ ಇಟ್ಟು ಎಳೆದ ಹಾಗೆ ಒಂದು ಕೆಂಪು ಗೆರೆ ಮೂಡುತ್ತದೆ. ಮೊಣಕೈಯಿಂದ ನಾಲ್ಕು ಬೆರಳು ಈಚೆ. ಮನೆಯವರು "ಏನ್ರೀ ಇದು, ಎಲ್ಲಿ ಬಿದ್ರಿ" ಅಂತ ಕೇಳಿದ್ದರು. ಈಗ ಉದ್ದ ತೋಳಿನ ಅಂಗಿ ಹಾಕುತ್ತೇನೆ. ಟೆಲಿ ಬಿಡಲಾಗುವುದಿಲ್ಲ, ಆ ಸದ್ದು ಬೇರೆಲ್ಲೂ ಇಲ್ಲ.

ಇನ್ನು ಲೆಸ್ ಪಾಲ್ ಅನ್ನುವ ಮನುಷ್ಯನದು ಬೇರೆಯೇ ಕಥೆ. 1940ರ ಆಸುಪಾಸಿನಲ್ಲಿ ಆತ ನಾಲ್ಕಿಂಚು ದಪ್ಪದ ಮರದ ತೊಲೆಗೆ ನೆಕ್, ಪಿಕಪ್ (ತಂತಿಯ ಅದುರನ್ನು ಕರೆಂಟ್ ಸಿಗ್ನಲ್ ಮಾಡುವ ಭಾಗ), ತಂತಿ ಕಟ್ಟಿ ಒಂದು ಗಿಟಾರ್ ಮಾಡಿದ. ಸದ್ದು ಚೆನ್ನಾಗಿ ಬಂತು. ಆದರೆ ನೋಡಲು ತೊಲೆ. ಜನ ಒಪ್ಪಲಿಲ್ಲ. ಆಮೇಲೆ ಒಂದು ಎಪಿಫೋನ್ ಗಿಟಾರಿನ ಬಾಡಿಯನ್ನು ಸೀಳಿ, ಎರಡು ಹೋಳನ್ನು ಆ ಕಡೆ ಈ ಕಡೆ ರೆಕ್ಕೆ ಥರ ಜೋಡಿಸಿದ. ಆಗ ಅದು ಗಿಟಾರ್ ಆಯಿತು! ಆ ರೆಕ್ಕೆಗಳು ಇದ್ದದ್ದು ಕಣ್ಣಿಗೆ ಮತ್ತು ತೊಡೆಗೆ.

1961ರಲ್ಲಿ ಗಿಬ್ಸನ್‌ನವರು ಲೆಸ್ ಪಾಲ್ ಹೆಸರಿನ ಗಿಟಾರ್‌ಗೇ ಹೊಸ ತೆಳು ಆಕಾರ ಕೊಟ್ಟರು. ಆತನಿಗೆ ಅದು ಹಿಡಿಸಲಿಲ್ಲ, ಹೆಸರು ಹೋಯಿತು. ಅದೇ ಇವತ್ತಿನ ಎಸ್‌ಜಿ. ಹಳೇ ಶೇಪ್ ವಾಪಸ್ ಬಂದದ್ದು 1968ರಲ್ಲಿ.

ತೇಗದ ಮರ

ಹಳೇ ಕ್ಯಾಸೆಟ್ ಸರ್, "ಕಣ್ಣಿಗೆ ಮತ್ತು ತೊಡೆಗೆ" ಅಂದಿರಿ. ಹಾಗಾದರೆ ಲೆಸ್ ಪಾಲ್‌ನ ದಪ್ಪ ಮಹಾಗನಿ, ಮೇಲೆ ಮೇಪಲ್ ಇದೆಲ್ಲ ಸುಮ್ನೆನಾ? ದಪ್ಪ ಬಾಡಿಯ ಸಸ್ಟೇನ್ (ಸದ್ದು ಎಳೆದು ನಿಲ್ಲುವುದು) ತೆಳು ಬಾಡಿಯಲ್ಲಿ ಬರಲ್ಲ. ನನ್ನ ಕಿವಿ ಸುಳ್ಳು ಹೇಳಲ್ಲ.

ಬೆಸುಗೆ ಕಡ್ಡಿ

ಬಂತು ನೋಡಿ, ಇದು ಶುರುವಾದರೆ ದೀಪಾವಳಿವರೆಗೆ ನಡೆಯುತ್ತೆ. ನಾನು ನೂರಾರು ಪಿಕಪ್ ಬದಲಾಯಿಸಿದ್ದೇನೆ. ಪಿಕಪ್ ಬದಲಾದರೆ, ಅದರ ಎತ್ತರ ಎರಡು ಮಿಮೀ ಏರಿಳಿದರೆ, ತಂತಿ ಹೊಸದಾದರೆ ಪಕ್ಕದ ಮನೆಯವರಿಗೂ ಗೊತ್ತಾಗುತ್ತದೆ. ಗಟ್ಟಿ ಮರದ ಬಾಡಿಯ ಆಕಾರ ಬದಲಾದದ್ದು ಕಣ್ಣು ಮುಚ್ಚಿ ಕೇಳಿದರೆ ನನಗೆ ಗೊತ್ತಾಗಿಲ್ಲ. ನಿಮಗೆ ಗೊತ್ತಾದರೆ ಒಳ್ಳೆಯದು. ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ಅಕ್ಕನ ಭುಜ ಇಲ್ಲಿ ಕಾಯುತ್ತಿದೆ.

ಟೊಳ್ಳು ಬಾಡಿ ಮಾತ್ರ ಬೇರೆ ಜಾತಿ. ಅದರಲ್ಲಿ ಮರವೇ ಅದುರುತ್ತದೆ.

ಮಡಿಕೇರಿ ಬ್ಲೂಸ್

ಟೊಳ್ಳು ಬಾಡಿ ನಡುಗಿಸಿಕೊಂಡವಳು ನಾನು. ಗಿಬ್ಸನ್ ಇಎಸ್-335 ಥರದ ಅರೆಟೊಳ್ಳು ಶೇಪ್ ಇಟ್ಟುಕೊಂಡಿದ್ದೇನೆ. ಸಣ್ಣಕೈ ಅವರೇ, ದಯವಿಟ್ಟು ಪೆಂಡಾಲಿಗೆ ಅದನ್ನು ತರಬೇಡಿ. ಅಗಲ 16 ಇಂಚು. ನಿಮ್ಮ ಎತ್ತರಕ್ಕೆ ಬಲಗೈಯನ್ನು ಅದರ ಮೇಲಿಂದ ಹಾಕಿ ತಂತಿ ಮುಟ್ಟುವಾಗ ಭುಜ ಕಿವಿವರೆಗೆ ಏರುತ್ತದೆ. ನಡುವೆ ಮೇಪಲ್ ಮರದ ಗಟ್ಟಿ ತುಂಡು ಇರುವುದರಿಂದ ಪೂರ್ತಿ ಟೊಳ್ಳಿನಷ್ಟು ಕೂಗುವುದಿಲ್ಲ. ಆದರೂ ನಮ್ಮೂರಿನ ಪೆಂಡಾಲುಗಳಲ್ಲಿ ಮಾನಿಟರ್ ಬಾಕ್ಸ್ ಕಾಲ ಬುಡದಲ್ಲಿ, ಸಬ್ ವೂಫರ್ ಸ್ಟೇಜ್ ಕೆಳಗೆ ಇಟ್ಟಿರುತ್ತಾರೆ. ಅಲ್ಲಿ ಗೇನ್ ಏರಿಸಿದರೆ "ಊಂ..." ಅಂತ ಶುರು. ಪಕ್ಕದ ಬೀದಿಯ ನಾಯಿಗಳು ಉತ್ತರ ಕೊಟ್ಟವು, ಉತ್ಪ್ರೇಕ್ಷೆ ಅಲ್ಲ.

ಇಲ್ಲಿ ಗಂಡಸರು ಯಾರೂ ಹೇಳದ ಒಂದು ವಿಷಯ ಇದೆ, ನಾನೇ ಹೇಳ್ತೀನಿ. ಹೆಂಗಸರಿಗೆ ಬಾಡಿಯ ಮೇಲಂಚು ಎದೆಗೆ ಒತ್ತುತ್ತದೆ. ಲೆಸ್ ಪಾಲ್ ಶೇಪ್‌ನಲ್ಲಿ ಹಿಂಬದಿ ಚಪ್ಪಟೆ, ಅಂಚು ದಪ್ಪ, ಇದು ಇನ್ನೂ ಜಾಸ್ತಿ. ಅದನ್ನು ತಪ್ಪಿಸಲು ನಾವು ಗೊತ್ತಿಲ್ಲದೆ ಗಿಟಾರನ್ನು ಕೆಳಕ್ಕೆ ಇಳಿಸುತ್ತೇವೆ, ಇಲ್ಲವೇ ಪಕ್ಕಕ್ಕೆ ತಳ್ಳುತ್ತೇವೆ. ಅಲ್ಲಿಂದ ಎಡ ಮಣಿಕಟ್ಟು ಮಡಚಿಕೊಳ್ಳುತ್ತದೆ, ಭುಜ ತಿರುಚಿಕೊಳ್ಳುತ್ತದೆ. ನಿಮ್ಮ ನೋವಿಗೆ ತೂಕ ಒಂದೇ ಕಾರಣ ಆಗಿರಲಿಕ್ಕಿಲ್ಲ. ಕನ್ನಡಿ ಮುಂದೆ ನಿಂತು ನೋಡಿ, ಅಥವಾ ಯಾರ ಕೈಲಾದರೂ ಪ್ರೋಗ್ರಾಂ ವೀಡಿಯೋ ಮಾಡಿಸಿ.

ಸೇಂಟ್ ವಿನ್ಸೆಂಟ್ ಅನ್ನುವ ಅಮೆರಿಕದ ಗಿಟಾರಿಸ್ಟ್ ಇದೇ ಕಾರಣಕ್ಕೆ ಮ್ಯೂಸಿಕ್ ಮ್ಯಾನ್ ಕಂಪನಿಯ ಜೊತೆ ಸೇರಿ 2016ರಲ್ಲಿ ತನ್ನದೇ ಗಿಟಾರ್ ಮಾಡಿಸಿಕೊಂಡಳು. ನಡು ಸಣ್ಣ, ಎದೆಗೆ ಒತ್ತುವ ಜಾಗದಲ್ಲಿ ಮರವೇ ಇಲ್ಲ. ನಮ್ಮ ಬಜೆಟ್‌ಗೆ ಎಟುಕಲ್ಲ ಬಿಡಿ, ಆದರೆ ಏನನ್ನು ನೋಡಬೇಕು ಅನ್ನುವುದು ಅದನ್ನು ನೋಡಿದರೆ ಗೊತ್ತಾಗುತ್ತದೆ. ಹಿಂದೆ ಹೊಟ್ಟೆಗೆ ಕತ್ತರಿಸಿದ ಇಳಿಜಾರು ಇರುವ ಯಾವುದೇ ಬಾಡಿ ನಮಗೆ ಪರವಾಗಿಲ್ಲ.

ಹಳೇ ಕ್ಯಾಸೆಟ್

ಮಡಿಕೇರಿಯವರು ಹೇಳಿದ್ದು ನನಗೂ ಉಪಯೋಗಕ್ಕೆ ಬಂತು. ಹೊಟ್ಟೆಗೆ ಕತ್ತರಿಸಿದ ಇಳಿಜಾರು ಐವತ್ತು ದಾಟಿದ ಗಂಡಸರಿಗೂ ಬೇಕು ಅಂತ ಬೇರೆ ಹೇಳಬೇಕಿಲ್ಲ ತಾನೇ.

ಡಿಯೋ ಸವಾರ

ಯಾರೂ ಸಾಗಿಸುವ ಕಷ್ಟ ಹೇಳ್ಲಿಲ್ಲ. ನಾನು ಬೆಂಗಳೂರಲ್ಲಿ ಸ್ಕೂಟರ್ ಮೇಲೆ ಬೆನ್ನಿಗೆ ಗಿಟಾರ್ ಹಾಕಿಕೊಂಡು ಓಡಾಡುವವನು. ಹೆಡ್‌ಸ್ಟಾಕ್ ಹೆಲ್ಮೆಟ್‌ಗಿಂತ ಒಂದಡಿ ಮೇಲಿರುತ್ತೆ. ಮಲ್ಲೇಶ್ವರದಲ್ಲಿ ಮರದ ಕೊಂಬೆ, ಆಟೋ ಹತ್ತಿದರೆ ಆಟೋ ಟಾಪ್, ಎಲ್ಲಕ್ಕೂ ಮುತ್ತು ಕೊಟ್ಟಾಗಿದೆ. ಎಕ್ಸ್‌ಪ್ಲೋರರ್ ಆದರೆ ಮಾಮೂಲಿ ಗಿಗ್ ಬ್ಯಾಗ್‌ಗೆ ಹೋಗೋದೇ ಇಲ್ಲ, ಅದಕ್ಕೆ ಬೇರೆ ಬ್ಯಾಗ್, ಅದು ನೋಡಲು ಮಡಚಿದ ಇಸ್ತ್ರಿ ಟೇಬಲ್ ಥರ.

ಹಾಗಾಗಿ ಹೆಡ್‌ಲೆಸ್ ತಗೊಂಡೆ. ಹೆಡ್‌ಸ್ಟಾಕೇ ಇಲ್ಲ, ಟ್ಯೂನ್ ಮಾಡೋದು ಬ್ರಿಡ್ಜ್ ಕಡೆ. 80ರ ದಶಕದಲ್ಲಿ ಸ್ಟೈನ್‌ಬರ್ಗರ್ ಅಂತ ಕ್ರಿಕೆಟ್ ಬ್ಯಾಟ್‌ನಷ್ಟೇ ಬಾಡಿ ಇರುವವು ಬಂದಿದ್ದವು. ಈಗ ಸ್ವೀಡನ್‌ನ ಸ್ಟ್ರಾಂಡ್‌ಬರ್ಗ್ ನೋಡಿ ಎಲ್ಲರೂ ಆ ಥರ ಮಾಡುತ್ತಿದ್ದಾರೆ. ನನ್ನದು ಎರಡೂಕಾಲು ಕೆಜಿ. ನೆಕ್ ತುದಿಯಲ್ಲಿ ಭಾರವೇ ಇಲ್ಲದ್ದರಿಂದ ಕಡ್ಡಿ ಸರ್ ಹೇಳಿದ ಡೈವ್ ಕೂಡ ಇಲ್ಲ. ತೊಂದರೆ ಎರಡು. ಒಂದು, ಗೋಡೆಗೆ ನೇತುಹಾಕಲು ಆಗಲ್ಲ. ಎರಡು, ಪ್ರೋಗ್ರಾಂ ಮಾಡಿಸುವವರು "ಇದ್ಯಾಕೆ ಅರ್ಧ ಮುರಿದಿದೆ" ಅಂತ ಕೇಳ್ತಾರೆ.

ಸಣ್ಣಕೈ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ವಾರ ಆದಮೇಲೆ ಬರೆಯುತ್ತಿದ್ದೇನೆ.

ಮೊದಲು ಮಡಿಕೇರಿ ಅಕ್ಕ ಹೇಳಿದ ಹಾಗೆ ವೀಡಿಯೋ ಮಾಡಿಸಿದೆ. ನೋಡಿ ನಾಚಿಕೆಯಾಯಿತು. ಎಡ ಭುಜ ಬಲಕ್ಕಿಂತ ಎರಡಿಂಚು ಕೆಳಗೆ, ಕತ್ತು ಬಲಕ್ಕೆ ವಾಲಿದೆ. ಮೂರ್ನಾಲ್ಕು ಹಾಡು ಆದಮೇಲೆ ನಾನೇ ಗಿಟಾರನ್ನು ತೊಡೆಯಿಂದ ಎತ್ತಿ ಎತ್ತಿ ಹಿಡಿಯುತ್ತಿದ್ದೇನೆ. ಇದು ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ಅಣ್ಣನ ಜೊತೆ ಬೆಂಗಳೂರಿಗೆ ಹೋದೆ. ಸ್ಟ್ರಾಪ್ ಮನೆಯಿಂದಲೇ ತಗೊಂಡು ಹೋಗಿದ್ದೆ. ಕೈ ಬಿಟ್ಟು ನೋಡುವಾಗ ಅಂಗಡಿ ಹುಡುಗ ಗಾಬರಿಯಾಗಿ ಎರಡೂ ಕೈ ಚಾಚಿಕೊಂಡು ಕೆಳಗೆ ನಿಂತಿದ್ದ.

ಎಸ್‌ಜಿ ಶೇಪ್ ಹಾಕಿಕೊಂಡೆ. ಹಗುರ, ನಿಜ. ಆದರೆ ಎಫ್ ಬಾರ್ ಕಾರ್ಡ್ ಹಿಡಿಯಲು ಹೋದಾಗ ಮೊಣಕೈ ಪೂರ್ತಿ ನೆಟ್ಟಗಾಯಿತು. ಕಡ್ಡಿ ಸರ್ ಬರೆದದ್ದು ಆಗ ಅರ್ಥವಾಯಿತು. ಹುಬ್ಬಳ್ಳಿಯವರೇ ಕ್ಷಮಿಸಿ. ಸ್ಟ್ರಾಟ್ ಶೇಪ್ ಹಾಕಿಕೊಂಡ ತಕ್ಷಣ ಅದೇ ಎಫ್ ಮೈಗೆ ಹತ್ತಿರ ಬಂತು. ಅದರ ಸ್ಕೇಲ್ ಉದ್ದ ಅಂತ ಗೊತ್ತಿದ್ದರೂ ಕೈ ನಂಬಲಿಲ್ಲ. ನಡು ಓರೆಯಾಗಿರುವ ಶೇಪಿನದೂ ಒಂದಿತ್ತು, 24 ಇಂಚು ಸ್ಕೇಲ್. ತುಂಬಾ ಇಷ್ಟವಾಯಿತು, ಬೆಂಡ್ ಮಾಡೋಕೆ ಬೆಣ್ಣೆ. ಆದರೆ ಅದರಲ್ಲಿ ಸಿಂಗಲ್ ಕಾಯಿಲ್ ಪಿಕಪ್ ಮಾತ್ರ ಇತ್ತು, ನಮ್ಮ ಪೆಂಡಾಲ್ ಕರೆಂಟಿಗೆ ಗುಂಯ್ ಅನ್ನುತ್ತದೆ.

ಕೊನೆಗೆ ಸ್ಟ್ರಾಟ್ ಶೇಪ್, ಬ್ರಿಡ್ಜ್ ಹತ್ತಿರ ಹಂಬಕರ್ (ಗುಂಯ್ ಸದ್ದು ತಗ್ಗಿಸುವ ಜೋಡಿ ಕಾಯಿಲ್ ಪಿಕಪ್) ಇರುವುದು ಬಂತು ಮನೆಗೆ. ಸೆಕೆಂಡ್ ಹ್ಯಾಂಡ್, ಇಪ್ಪತ್ತೆಂಟು ಸಾವಿರ. ಉಳಿದ ದುಡ್ಡಲ್ಲಿ ಅಗಲ ಚರ್ಮದ ಸ್ಟ್ರಾಪ್. ಮತ್ತೆ ಅದೇ ತಕ್ಕಡಿ: 3 ಕೆಜಿ 300. ಅಂಗಡಿ ಅಣ್ಣ "ಈ ಸಲ ಸೋರೆಕಾಯಿ" ಅಂದರು.

ಮೊನ್ನೆ ಅರಸೀಕೆರೆ ಹತ್ತಿರ ಮೊದಲ ಪ್ರೋಗ್ರಾಂ. ಮೂರೂವರೆ ಗಂಟೆ. ಭುಜ ಹಿಡಿದುಕೊಂಡಿತು, ಇಲ್ಲ ಅನ್ನಲ್ಲ, ಆದರೆ ಮರುದಿನ ಬೆಳಗ್ಗೆ ತಲೆ ಬಾಚಿಕೊಳ್ಳಲು ಕೈ ಮೇಲೆ ಹೋಯಿತು. ಹಿಂದಿನ ಸೀಸನ್‌ನಲ್ಲಿ ಅಮ್ಮ ಬಾಚುತ್ತಿದ್ದರು.

ಹೊಸ ತಲೆನೋವು ಒಂದು ಶುರುವಾಗಿದೆ. ವಾಲ್ಯೂಮ್ ನಾಬ್ ಬ್ರಿಡ್ಜ್‌ಗೆ ತೀರಾ ಹತ್ತಿರ ಇದೆ. ಜೋರಾಗಿ ಸ್ಟ್ರಮ್ ಮಾಡುವಾಗ ಕಿರುಬೆರಳು ತಾಗಿ ತಾಗಿ ಹಾಡಿನ ಮಧ್ಯದಲ್ಲಿ ನನ್ನ ಗಿಟಾರ್ ತನ್ನಷ್ಟಕ್ಕೆ ಕಮ್ಮಿಯಾಗುತ್ತದೆ. ಡ್ರಮ್ಸ್‌ನವರು ಎರಡು ಸಲ ತಿರುಗಿ ನೋಡಿದರು. ಇದಕ್ಕೇನು ಮಾಡೋದು?

ಮಂಡ್ಯ ಮೆಟಲ್

ಎಕ್ಸ್‌ಪ್ಲೋರರ್‌ನಲ್ಲಿ ಆ ಸಮಸ್ಯೆ ಇಲ್ಲ ಅಕ್ಕ. ಸುಮ್ನೆ ಹೇಳ್ತಿದ್ದೀನಿ.

ಬೆಸುಗೆ ಕಡ್ಡಿ

ಸ್ಟ್ರಾಟ್ ಶೇಪ್ ತಗೊಂಡ ಅರ್ಧ ಜನ ಇದೇ ದೂರು ತರುತ್ತಾರೆ. ಸುಲಭ ದಾರಿ: ನಾಬ್ ಎಳೆದು ತೆಗೆಯಿರಿ, ಒಳಗೆ ಕಡ್ಡಿಯ ಸುತ್ತ ಒಂದು ರಬ್ಬರ್ ವಾಷರ್ ಹಾಕಿ ಮತ್ತೆ ಕೂರಿಸಿ. ತಿರುಗುವುದು ಬಿಗಿಯಾಗುತ್ತದೆ, ಬೆರಳು ತಾಗಿದರೂ ಜಗ್ಗುವುದಿಲ್ಲ. ಅದಕ್ಕೂ ಆಗದಿದ್ದರೆ ವಾಲ್ಯೂಮನ್ನು ಪಕ್ಕದ ಟೋನ್ ಜಾಗಕ್ಕೆ ಬದಲಾಯಿಸಬೇಕು. ಎರಡು ವೈರ್ ಬೆಸುಗೆ, ಅರ್ಧ ಗಂಟೆ ಕೆಲಸ. ತಂತಿ ಬದಲಾಯಿಸುವ ದಿನ ಮಾಡಿ, ಬೆಸುಗೆಗೆ ಬಾಡಿ ಮೇಲಿನ ಪ್ಲೇಟ್ ಬಿಚ್ಚಲು ಹೇಗೂ ತಂತಿ ತೆಗೆಯಬೇಕಾಗುತ್ತದೆ.

ಸಣ್ಣಕೈ

ವಾಷರ್ ಅಂದರೆ ನಲ್ಲಿಗೆ ಹಾಕುತ್ತಾರಲ್ಲ, ಅದೇನಾ? ಭಾನುವಾರ ಚನ್ನರಾಯಪಟ್ಟಣದಲ್ಲಿ ಪ್ರೋಗ್ರಾಂ ಇದೆ, ಅದು ಮುಗಿಸಿ ಸೋಮವಾರ ಬಿಚ್ಚುತ್ತೇನೆ.

ಬೆಸುಗೆ ಕಡ್ಡಿ

ಅದಕ್ಕಿಂತ ಸಣ್ಣದು. ಹಳೇ ನಾಬ್ ಕೈಲಿ ಹಿಡಿದುಕೊಂಡೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ. ಎಳೆಯುವಾಗ ಸ್ಕ್ರೂಡ್ರೈವರ್ ತೂರಿಸಬೇಡಿ, ಪ್ಲೇಟ್ ಗೀರುತ್ತೆ. ನಾಬ್ ಕೆಳಗೆ ಒಂದು ಬಟ್ಟೆ ಸುತ್ತಿ ಎರಡೂ ಕಡೆ ಸಮನಾಗಿ ಮೇಲಕ್ಕೆ ಎಳೆಯಿರಿ, ಬರುತ್ತೆ.